ಕೆಟ್ಟ ಆಟಿಕೆಯನ್ನು ಬಿಚ್ಚುವ ಹಕ್ಕು ಯಾರದು?

ಪ್ರತಿ ವರ್ಷ ಫಾಲ್ಗುಣ ಮಾಸದಲ್ಲಿ ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿಯ ರಥೋತ್ಸವ ನಡೆಯುತ್ತದೆ. ಜಾತ್ರೆಯೆಂದ ಮೇಲೆ ಬೆಂಡು-ಬತ್ತಾಸು, ಮಂಡಕ್ಕಿ, ಬಳೆಗಳ ಜೊತೆಗೆ ಆಟಿಕೆ ಅಂಗಡಿಗಳ ಸಾಲೂ ಇರಲೇಬೇಕು. ಅಂಗೈಯಗಲದ ವಿಡಿಯೊ ಗೇಮ್ ಹಳ್ಳಿಯ ಮಕ್ಕಳ ಕೈ ಸೇರಿದ್ದು ಬಹುಮಟ್ಟಿಗೆ ಇಂತಹ ಜಾತ್ರೆ, ಸಂತೆಗಳ ಮೂಲಕವೇ. ಮೊದಲು ಬಂದದ್ದು ಎರಡು ಸೆಲ್ ಹಾಕಿದರೆ ಇಟ್ಟಿಗೆ ಜೋಡಿಸುವ ಆಟ ತೋರಿಸುತ್ತಿದ್ದ ಬೂದು ಪರದೆಯ ಪೆಟ್ಟಿಗೆ. ಅನಂತರ ಬಂದದ್ದು ಬಣ್ಣದ ಪರದೆಯ, ಚಾರ್ಜ್ ಮಾಡುವ ಯಂತ್ರ. ಕೆಲವು ವಾರ ಕಳೆಯುವಷ್ಟರಲ್ಲಿ ಗುಂಡಿ ಒತ್ತಿದರೆ ಸದ್ದಿಲ್ಲ, ಪರದೆಯ ತುಂಬ ಗೆರೆ. ಆಗ ಮನೆಯಲ್ಲಿ ಕೇಳಿಬರುವ ಮಾತು ಒಂದೇ: “ಬಿಸಾಕು, ಮುಂದಿನ ಜಾತ್ರೆಗೆ ಬೇರೆ ಕೊಡಿಸಿದರಾಯಿತು.”

ಕೊಳ್ಳುಬಾಕ ಸಂಸ್ಕೃತಿಯ ಇಡೀ ಶಾಸ್ತ್ರ ಈ ಒಂದು ಮಾತಿನಲ್ಲಿದೆ. ಆದರೆ ಆಡಿದ ಬಡಪಾಯಿ ತಂದೆಯನ್ನು ದೂರಿ ಪ್ರಯೋಜನವಿಲ್ಲ. ಆ ಮಾತನ್ನು ಅವನ ಬಾಯಿಗೆ ತುರುಕಿದವರು ಯಾರೆಂದು ಕೇಳಬೇಕಾಗಿದೆ.

ಕೆಟ್ಟಿರುವುದಾದರೂ ಏನು?

ಸತ್ತಿತೆಂದು ಎಸೆಯಲ್ಪಡುವ ಆಟಿಕೆಗಳಲ್ಲಿ ಎಷ್ಟೋ ನಿಜವಾಗಿ ಸತ್ತಿರುವುದಿಲ್ಲ. ಮೊದಲು ನೋಡಬೇಕಾದದ್ದು ಸೆಲ್. ಹೊಸ ಸೆಲ್ ಒಂದಕ್ಕೆ 1.5 ವೋಲ್ಟ್, ಸಾಲಾಗಿ ಕೂಡಿದ ಎರಡಕ್ಕೆ 3 ವೋಲ್ಟ್. ಮಲ್ಟಿಮೀಟರ್ ಹಿಡಿದರೆ ಅರೆ ನಿಮಿಷದಲ್ಲಿ ತಿಳಿಯುತ್ತದೆ. ಸೆಲ್ ಸರಿಯಿದ್ದರೆ ಅದು ತಾಗುವ ಲೋಹದ ಪಟ್ಟಿಯನ್ನು ನೋಡಬೇಕು. ಮರೆತು ಒಳಗೇ ಬಿಟ್ಟ ಸೆಲ್ ಸೋರಿ ಅಲ್ಲಿ ಕಿಲುಬು ಕಟ್ಟಿರುತ್ತದೆ. ಉಪ್ಪುಕಾಗದದಿಂದ ಮೆಲ್ಲಗೆ ಉಜ್ಜಿ, ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿದರೆ ವಿದ್ಯುತ್ತು ಮತ್ತೆ ಹರಿಯುತ್ತದೆ.

ಗುಂಡಿ ಕೆಲಸ ಮಾಡದಿದ್ದರೆ ಅದರಡಿಯ ರಬ್ಬರನ್ನು ಎತ್ತಿ ನೋಡಬೇಕು. ರಬ್ಬರಿನ ತಳದಲ್ಲಿ ಇಂಗಾಲದ ಕಪ್ಪು ಬಿಲ್ಲೆಯೊಂದು ಇರುತ್ತದೆ. ಅದು ಹಲಗೆಯ ಮೇಲಿನ ಗೆರೆಗಳಿಗೆ ತಾಗಿದಾಗಲೇ ಗುಂಡಿ ಒತ್ತಿದ್ದು ಯಂತ್ರಕ್ಕೆ ತಿಳಿಯುವುದು. ನಡುವೆ ಬೆವರು, ಧೂಳು ಸೇರಿದರೆ ಸಂಬಂಧ ಕಡಿಯುತ್ತದೆ. ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ಈ ಸೀಮೆಯಲ್ಲಿ ಧೂಳಿಗೆ ಬರವೆಲ್ಲಿ? ಅದಕ್ಕೂ ಸ್ಪಿರಿಟ್, ಹತ್ತಿಯೇ ಮದ್ದು. ಕೆಳಗೆ ಬಿದ್ದು ಸ್ಪೀಕರಿನ ತಂತಿ ಕಿತ್ತಿದ್ದರೆ ಒಂದು ಹನಿ ಬೆಸುಗೆ ಸಾಕು.

ಎಲ್ಲವೂ ಇಷ್ಟು ಸುಲಭವಲ್ಲ. ಪರದೆಯನ್ನು ಹಲಗೆಗೆ ಜೋಡಿಸುವ ತೆಳುಪಟ್ಟಿ ಬಿಟ್ಟಿದ್ದರೆ ನುರಿತ ಕೈ ಬೇಕು. ಕಪ್ಪು ಅಂಟಿನ ಹನಿಯೊಳಗೆ ಹುದುಗಿರುವ ಚಿಪ್ ಹೋದರೆ ಅದಕ್ಕೆ ಚಿಕಿತ್ಸೆಯಿಲ್ಲ. ಚಾರ್ಜ್ ಮಾಡುವ ಲಿಥಿಯಂ ಬ್ಯಾಟರಿ ಉಬ್ಬಿದ್ದರೆ ಮಕ್ಕಳು ಅದನ್ನು ಮುಟ್ಟಲೇಬಾರದು. ಚುಚ್ಚಿದರೆ ಬೆಂಕಿ ಹೊತ್ತೀತು.

ಬೀಗ ಹಾಕಿದವರು

ರೇಡಿಯೊ, ಟೇಪ್ ರೆಕಾರ್ಡರ್, ಟಿ.ವಿ., ಮೊಬೈಲ್ ಎಂದು ಕಾಲಕಾಲಕ್ಕೆ ಹೊಸ ಯಂತ್ರಗಳ ಒಳಗನ್ನು ಕಲಿಯುತ್ತ ಬಂದ ದುರಸ್ತಿಗಾರರು ಚಳ್ಳಕೆರೆಯಂತಹ ಪೇಟೆಗೆ ಹೊಸಬರಲ್ಲ. ಅವರಲ್ಲಿ ವಿದ್ಯೆಗೆ ಕೊರತೆಯಿಲ್ಲ. ಕೊರತೆಯಿರುವುದು ಬಿಡಿಭಾಗಕ್ಕೆ, ನಕ್ಷೆಗೆ, ಒಳಹೋಗುವ ದಾರಿಗೆ. ಜಪಾನಿನ ನಿಂಟೆಂಡೊ ಕಂಪನಿ 1989ರಲ್ಲಿ ಹೊರತಂದ ಗೇಮ್ ಬಾಯ್ ನಾಲ್ಕು ಎಎ ಸೆಲ್‌ಗಳಿಂದ ನಡೆಯುತ್ತಿತ್ತು. ಸೆಲ್ಲನ್ನು ಮಗುವೂ ಬದಲಿಸಬಹುದಿತ್ತು. ಆದರೆ ಕವಚಕ್ಕೆ ಹಾಕಿದ್ದು ಸಾಮಾನ್ಯ ಸ್ಕ್ರೂಡ್ರೈವರ್ ಹಿಡಿಯದ ಮೂರು ರೆಕ್ಕೆಯ ಸ್ಕ್ರೂ. ಅದೇ ಕಂಪನಿಯ 2017ರ ಸ್ವಿಚ್‌ನಲ್ಲಿ ಬ್ಯಾಟರಿಯೂ ಒಳಗೆ ಸೇರಿ ಅಂಟಿಕೊಂಡಿತು. ಇದು ಕೇವಲ ತಾಂತ್ರಿಕ ಅನಿವಾರ್ಯವೆಂದು ನಂಬುವುದು ಹೇಗೆ? ಕೊಂಡವನು ಹಣ ತೆತ್ತರೂ ಒಡೆಯನಾಗದಂತೆ ನೋಡಿಕೊಳ್ಳುವ ವ್ಯಾಪಾರನೀತಿಯಿದು.

ಮೊಳಕಾಲ್ಮುರಿನ ರೇಷ್ಮೆ ನೇಕಾರನ ಮಗ್ಗವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಎಳೆ ಕಡಿದರೆ ಅವನೇ ಗಂಟು ಹಾಕುತ್ತಾನೆ, ಲಾಳಿ ಸವೆದರೆ ಬದಲಿಸುತ್ತಾನೆ. ಮಗ್ಗವನ್ನು ಮುಟ್ಟಲು ಅವನು ಯಾರ ಅಪ್ಪಣೆಗೂ ಕಾಯಬೇಕಿಲ್ಲ. ತಿಪ್ಪೇರುದ್ರಸ್ವಾಮಿ ಕೆರೆಗಳನ್ನು ಕಟ್ಟಿಸಿದನೆಂದು ಜನ ನೆನೆಯುತ್ತಾರೆ. ಹೂಳು ತೆಗೆದು ಏರಿ ಭದ್ರಪಡಿಸಿದವರಿಂದ ಕೆರೆಗಳು ಉಳಿದವೇ ಹೊರತು, ಕೆಟ್ಟಿತೆಂದು ಹೊಸ ಕೆರೆ ಕೊಂಡವರಿಂದಲ್ಲ.

“ಇನ್ನೂರು ರೂಪಾಯಿಯ ಆಟಿಕೆಗೆ ನೂರು ರೂಪಾಯಿಯ ದುರಸ್ತಿಯೇ?” ಎಂಬ ಪ್ರಶ್ನೆ ಸಹಜ. ಆದರೆ ಆ ಇನ್ನೂರರಲ್ಲಿ ಎಸೆದ ಮೇಲಿನ ಖರ್ಚು ಸೇರಿಲ್ಲ. ಬೆಸುಗೆಯ ಸೀಸ ಮಣ್ಣು ಸೇರುವುದಕ್ಕೆ, ತಾಮ್ರಕ್ಕಾಗಿ ತಂತಿ ಸುಡುವ ಬಡವನ ಎದೆಗೆ ವಿಷದ ಹೊಗೆ ಹೋಗುವುದಕ್ಕೆ ಬೆಲೆ ಕಟ್ಟಿದವರಿಲ್ಲ. ಮಲೆನಾಡಿಗರಿಗೂ ಇದು ದೂರದ ಬಯಲಿನ ಕಥೆಯಲ್ಲ. ಬಾಬಾಬುಡನ್‌ಗಿರಿ ಶ್ರೇಣಿಯಲ್ಲಿ ಹುಟ್ಟುವ ವೇದಾವತಿಯೇ ವಾಣಿವಿಲಾಸ ಸಾಗರವನ್ನು ತುಂಬಿ ಚಳ್ಳಕೆರೆ ಸೀಮೆಗೆ ಇಳಿಯುತ್ತಾಳೆ. ಮೇಲಿನವರು ಹಳ್ಳಕ್ಕೆ ಎಸೆದದ್ದು ಕೆಳಗಿನವರ ಪಾಲಿಗೆ ಬರುತ್ತದೆ.

ಕಾನೂನಿನ ತಕ್ಕಡಿ

2022ರ ಒಂದೇ ವರ್ಷದಲ್ಲಿ ಜಗತ್ತು ಸುಮಾರು 6.2 ಕೋಟಿ ಟನ್ ಇ-ತ್ಯಾಜ್ಯ ಸೃಷ್ಟಿಸಿತೆಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದ ದಾಖಲೆಯಿರುವುದು ಶೇ 22.3ಕ್ಕೆ ಮಾತ್ರ. ಭಾರತದಲ್ಲಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಕೈಯಲ್ಲಿ ಹಿಡಿಯುವ ವಿಡಿಯೊ ಗೇಮನ್ನೂ ಪಟ್ಟಿಗೆ ಸೇರಿಸಿವೆ. ಇದು ಸ್ವಾಗತಾರ್ಹ. ಆದರೆ ಆ ನಿಯಮಗಳು ಉತ್ಪಾದಕನನ್ನು ಮುಖ್ಯವಾಗಿ ಕೇಳುವುದು ಎಷ್ಟು ತೂಕವನ್ನು ಪುಡಿಮಾಡಿ ಕರಗಿಸಿದೆಯೆಂದು. ಯಂತ್ರ ಎಷ್ಟು ವರ್ಷ ಬಾಳಿತೆಂದಲ್ಲ. “ಮಾಡಿದಷ್ಟು ನೀಡು ಭಿಕ್ಷೆ” ಎಂಬ ಮಾತು ಹುಟ್ಟಿದ ನೆಲದಲ್ಲಿ, ಸತ್ತ ಆಟಿಕೆಗೆ ಜೀವ ಕೊಟ್ಟ ಮೇಜಿನ ದುರಸ್ತಿಗಾರನ ಶ್ರಮಕ್ಕೆ ಆ ಲೆಕ್ಕಪತ್ರದಲ್ಲಿ ಜಾಗವಿಲ್ಲ.

ದುರಸ್ತಿಯ ಹಕ್ಕಿಗಾಗಿ ಕೇಂದ್ರ ಸರ್ಕಾರ 2022ರ ಜುಲೈನಲ್ಲಿ ಸಮಿತಿ ರಚಿಸಿತು, ಡಿಸೆಂಬರ್‌ನಲ್ಲಿ ಜಾಲತಾಣ ತೆರೆಯಿತು. ಜಾಲತಾಣ ಮಾಹಿತಿ ಕೊಟ್ಟೀತು. ಬಿಡಿಭಾಗ ಕೊಡಲೇಬೇಕೆಂದು ಕಂಪನಿಯನ್ನು ಕಟ್ಟಿಹಾಕಲಾರದು. ಯುರೋಪಿನಲ್ಲಿ ನಡೆದದ್ದು ಬೇರೆ. ಸ್ವಿಚ್‌ನ ಹಿಡಿಕೆಯ ದೋಷದ ಬಗ್ಗೆ ಸುಮಾರು 25 ಸಾವಿರ ಗ್ರಾಹಕರ ದೂರುಗಳನ್ನು ಒಟ್ಟುಗೂಡಿಸಿ ಅಲ್ಲಿನ ಗ್ರಾಹಕ ಒಕ್ಕೂಟ 2021ರಲ್ಲಿ ಯುರೋಪಿಯನ್ ಆಯೋಗದ ಮೊರೆಹೊಕ್ಕಿತು. 2023ರಲ್ಲಿ ಕಂಪನಿ ಅಲ್ಲಿ ಉಚಿತ ದುರಸ್ತಿಗೆ ಒಪ್ಪಿತು, ವಾರಂಟಿ ಮುಗಿದವರಿಗೂ. ಒಯ್ಯಬಹುದಾದ ಉಪಕರಣಗಳ ಬ್ಯಾಟರಿಯನ್ನು ಬಳಕೆದಾರನೇ ತೆಗೆಯುವಂತಿರಬೇಕೆಂಬ ಅಲ್ಲಿನ ನಿಯಮಕ್ಕೆ 2027ರ ಫೆಬ್ರವರಿ 18 ಗಡುವು. ಅಲ್ಲಿ ಸಾಧ್ಯವಾದದ್ದು ಇಲ್ಲಿ ಏಕೆ ಅಸಾಧ್ಯ?

ಬೇಡಿಕೆ ದೊಡ್ಡದೇನಲ್ಲ. ಸಾಮಾನ್ಯ ಸ್ಕ್ರೂ, ತೆಗೆಯಬಲ್ಲ ಬ್ಯಾಟರಿ, ನಿಗದಿತ ವರ್ಷಗಳ ತನಕ ಬಿಡಿಭಾಗ, ಎಲ್ಲರಿಗೂ ಸಿಗುವ ನಕ್ಷೆ — ಇಷ್ಟನ್ನು ಕಾನೂನು ಕಡ್ಡಾಯ ಮಾಡಬೇಕು. ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಿಲ್ಲ. ಶಾಲೆಯ ವಿಜ್ಞಾನ ಸಂಘಗಳು ತಿಂಗಳಿಗೊಂದು ದಿನ ಊರಿನ ದುರಸ್ತಿಗಾರನನ್ನು ಗುರುವಾಗಿ ಕರೆಸಿ, ಕೆಟ್ಟ ಆಟಿಕೆಗಳನ್ನು ಮಕ್ಕಳಿಂದಲೇ ಬಿಚ್ಚಿಸಲಿ. ಜಾತ್ರೆಯ ಅಂಗಡಿಯ ಮುಂದೆ ನಿಂತ ವಿದ್ಯಾರ್ಥಿ ಬೆಲೆ ಕೇಳುವ ಮೊದಲು ಆಟಿಕೆಯನ್ನು ತಿರುಗಿಸಿ, ಅದರ ಬೆನ್ನಿನ ಸ್ಕ್ರೂ ಯಾವುದೆಂದು ನೋಡಲಿ. ಬಿಚ್ಚಲು ಬಾರದ್ದನ್ನು ಅಲ್ಲಿಯೇ ಬಿಟ್ಟು ಬರಲಿ.