ಪರ್ವತದ ಆಚೆ, ಪರ್ವತದ ಈಚೆ

ನಮ್ಮ ಮನೆತನದ ಮದುವೆಯೊಂದಕ್ಕಾಗಿ ಕೆನಡಾದಿಂದ ಮೂವರು ಮೈಸೂರಿಗೆ ಬಂದಿದ್ದರು. ಅಕ್ಕ ಮತ್ತು ಭಾವ ಹದಿನೈದು ವರ್ಷಗಳಿಂದ ಆಲ್ಬರ್ಟಾ ಪ್ರಾಂತದ ಕ್ಯಾಲ್ಗರಿಯಲ್ಲಿದ್ದಾರೆ, ಭಾವ ಎಂಜಿನಿಯರರು. ಚಿಕ್ಕಪ್ಪನ ಮಗ ಬ್ರಿಟಿಷ್ ಕೊಲಂಬಿಯಾದ ಬರ್ನಬಿಯಲ್ಲಿ ಉಪಾಧ್ಯಾಯ. ಎರಡೂರುಗಳ ನಡುವೆ ರಾಕಿ ಪರ್ವತಶ್ರೇಣಿ ಅಡ್ಡಮಲಗಿದೆ. ನಾಂದಿಯ ದಿನ ಸಂಜೆ ಕಾಫಿಯ ಲೋಟ ಕೈಗೆ ಬರುವ ಹೊತ್ತಿಗೆ ಆ ಪರ್ವತ ನಮ್ಮ ಜಗಲಿಗೂ ಬಂದುಬಿಟ್ಟಿತು. ಚರ್ಚೆಯ ವಿಷಯ ಒಂದು ಎಣ್ಣೆಯ ಕೊಳವೆ.

ಟ್ರಾನ್ಸ್ ಮೌಂಟನ್ ಎಂಬುದು ಅದರ ಹೆಸರು. 1947ರಲ್ಲಿ ಎಡ್ಮಂಟನ್ ಬಳಿಯ ಲೆಡಕ್ ಎಂಬಲ್ಲಿ ಎಣ್ಣೆ ಚಿಮ್ಮಿತು. 1953ರ ವೇಳೆಗೆ ಆ ಎಣ್ಣೆಯನ್ನು ಪರ್ವತ ದಾಟಿಸಿ, ಸುಮಾರು 1,150 ಕಿಲೋಮೀಟರು ದೂರದ ಬರ್ನಬಿಯ ಕಡಲತಡಿಗೆ ತಂದರು. “ಆಗ ಯಾರೂ ಅಡ್ಡಿ ಹೇಳಲಿಲ್ಲ” ಎಂಬುದು ಭಾವನವರ ಮೊದಲ ವಾದ. ಮಾತು ನಿಜವಿರಬಹುದು. ಆದರೆ ಅಲ್ಲಿಯ ಮೂಲನಿವಾಸಿಗಳು ನೆಲದ ಹಕ್ಕಿಗಾಗಿ ಹಣ ಕೂಡಿಸಿ ವಕೀಲರನ್ನು ನೇಮಿಸಿಕೊಳ್ಳುವುದನ್ನು 1927ರಿಂದ 1951ರ ವರೆಗೆ ಕಾನೂನೇ ತಡೆದಿತ್ತು. ಕೇಂದ್ರದ ಚುನಾವಣೆಯಲ್ಲಿ ಅವರೆಲ್ಲರಿಗೂ ನಿರ್ಬಂಧವಿಲ್ಲದ ಮತಾಧಿಕಾರ ದೊರೆತದ್ದು 1960ರಲ್ಲಿ. ಬಾಯಿ ಕಟ್ಟಿದವನು ಮಾತಾಡಲಿಲ್ಲವೆಂದು ಅವನ ಒಪ್ಪಿಗೆಯನ್ನು ಊಹಿಸಿಕೊಳ್ಳುವ ರೂಢಿ ಕೆನಡಾಕ್ಕೆ ಮಾತ್ರ ಸೇರಿದ್ದಲ್ಲ, ಬಿಡಿ.

ಜಗಳವೆದ್ದದ್ದು ಹಳೆಯ ಕೊಳವೆಯ ಪಕ್ಕದಲ್ಲಿ ಹೊಸದೊಂದನ್ನು ಹೂಳಲು ಹೊರಟಾಗ. ದಿನಕ್ಕೆ 3 ಲಕ್ಷ ಪೀಪಾಯಿಯಷ್ಟು ಹರಿಯುತ್ತಿದ್ದ ಎಣ್ಣೆ 8 ಲಕ್ಷ 90 ಸಾವಿರಕ್ಕೆ ಏರಬೇಕು. ಬರ್ನಬಿಯ ಕೊಲ್ಲಿಗೆ ತಿಂಗಳಿಗೆ ಐದರಂತೆ ಬರುತ್ತಿದ್ದ ಎಣ್ಣೆಹಡಗುಗಳು 34ರ ವರೆಗೆ ಹೆಚ್ಚಬೇಕು. ಆಲ್ಬರ್ಟಾದ ಎಣ್ಣೆ ಬಹುಪಾಲು ಮರಳಿನಿಂದ ಬೇರ್ಪಡಿಸಿದ್ದು, ಜೋನಿಬೆಲ್ಲಕ್ಕಿಂತ ಗಟ್ಟಿ. ತೆಳುವಾದ ಎಣ್ಣೆಯನ್ನು ಬೆರೆಸಿದಲ್ಲದೆ ಕೊಳವೆಯಲ್ಲಿ ಹರಿಯದು. ಅದಕ್ಕೆ ಇದ್ದ ಗಿರಾಕಿ ಬಹುಮಟ್ಟಿಗೆ ಅಮೆರಿಕ ಒಂದೇ. ಒಬ್ಬನೇ ಗಿರಾಕಿಯಿರುವ ಸಂತೆಯಲ್ಲಿ ಬೆಲೆ ಕಟ್ಟುವವನು ಗಿರಾಕಿಯೇ. 2018ರ ಕೊನೆಯಲ್ಲಿ ಆಲ್ಬರ್ಟಾದ ಪೀಪಾಯಿ ಅಮೆರಿಕದ ಪೀಪಾಯಿಗಿಂತ 40 ಡಾಲರಿಗೂ ಮಿಕ್ಕಿ ಅಗ್ಗವಾಗಿತ್ತು. ಕಡಲಿಗೆ ದಾರಿಯಾದರೆ ಏಷ್ಯಕ್ಕೂ ಮಾರಬಹುದು ಎಂಬುದು ಕ್ಯಾಲ್ಗರಿಯ ತರ್ಕ.

ತರ್ಕದ ಹಿಂದೆ ಬೇರೊಂದು ಸಂಗತಿಯಿತ್ತು. 2015ರಲ್ಲಿ ಎಣ್ಣೆಯ ಬೆಲೆ ಕುಸಿದಾಗ ಭಾವನವರಿಗೆ ಎಂಟು ತಿಂಗಳು ಕೆಲಸವಿರಲಿಲ್ಲವಂತೆ. ಊರಿಗೆ ಬರೆದಿರಲಿಲ್ಲ. ನಮ್ಮ ತಾಯಿಗೆ ಈ ವಿಷಯ ತಿಳಿದದ್ದು ಆ ಸಂಜೆ, ಮಾತಿನ ಆವೇಶದಲ್ಲಿ. ಅವರು ಎಲೆ ಒರೆಸುತ್ತಿದ್ದ ಕೈಯನ್ನು ನಿಲ್ಲಿಸಿ ಅಳಿಯನ ಮುಖವನ್ನೊಮ್ಮೆ ನೋಡಿ ಸುಮ್ಮನಾದರು.

ತಮ್ಮನೂ ಬಿಡುವವನಲ್ಲ. “ಭಾವ, ಎಣ್ಣೆ ಸೋರಿದರೆ ಬಳಿಯುವವರು ನಾವು. ಲಾಭ ನಿಮ್ಮ ಊರಿಗೆ” ಎಂದ. “ನೀನು ಶಾಲೆಗೆ ಹೋಗುವ ಕಾರು ಯಾವುದರಿಂದ ಓಡುತ್ತದಪ್ಪ?” ಎಂದರು ಭಾವ. ವ್ಯಾಂಕೂವರಿನ ಸುತ್ತಲಿನ ಪೆಟ್ರೋಲಿನಲ್ಲಿ ದೊಡ್ಡ ಪಾಲು ಆ ಹಳೆಯ ಕೊಳವೆಯ ಕೃಪೆಯೇ ಎಂಬುದನ್ನು ತಮ್ಮ ಅಲ್ಲಗಳೆಯಲಾರದೆ ಹೋದ.

ಈ ಬಗೆಯ ಮಾತು ಜಗಲಿಗಷ್ಟೇ ಸೀಮಿತವಾಗಿರಲಿಲ್ಲ. 2018ರ ಜನವರಿಯಲ್ಲಿ ಬ್ರಿಟಿಷ್ ಕೊಲಂಬಿಯಾ ಹೆಚ್ಚಿನ ಎಣ್ಣೆಗೆ ತಡೆಯೊಡ್ಡುವ ಸೂಚನೆ ಕೊಟ್ಟಿತು. ಆಲ್ಬರ್ಟಾದ ಮುಖ್ಯಮಂತ್ರಿ ರೇಚೆಲ್ ನಾಟ್ಲಿ ಫೆಬ್ರವರಿಯಲ್ಲಿ ನೆರೆಪ್ರಾಂತದ ದ್ರಾಕ್ಷಾಮದ್ಯಕ್ಕೇ ಬಹಿಷ್ಕಾರ ಹಾಕಿದರು! ಎಣ್ಣೆಗೆ ಸಾರಾಯಿ ಜಾಮೀನು. ಎದುರಾಳಿ ಮುಖ್ಯಮಂತ್ರಿ ಜಾನ್ ಹಾರ್ಗನ್ ಅವರದೂ ನಾಟ್ಲಿಯವರದೂ ಒಂದೇ ಪಕ್ಷ. ಪಕ್ಷ ಒಂದಾದರೂ ಪರ್ವತ ನಡುವೆ ಇತ್ತು. ಬಹಿಷ್ಕಾರ ಮೂರು ವಾರವೂ ಬಾಳಲಿಲ್ಲ.

ಬೇಸತ್ತ ಕಂಪನಿ ಕೈಚೆಲ್ಲುವ ಹಾಗಾದಾಗ ಪ್ರಧಾನಿ ಜಸ್ಟಿನ್ ಟ್ರೂಡೋ ಅವರ ಸರಕಾರ ಕೊಳವೆಯನ್ನೇ 450 ಕೋಟಿ ಡಾಲರಿಗೆ ಕೊಂಡಿತು. ಇವರ ತಂದೆ ಪಿಯರ್ ಟ್ರೂಡೋ 1980ರಲ್ಲಿ ತಂದ ಇಂಧನ ನೀತಿಯನ್ನು, ತಮ್ಮ ಎಣ್ಣೆಯ ಸುಲಿಗೆಯೆಂದು ಆಲ್ಬರ್ಟಾ ಇಂದಿಗೂ ಮರೆತಿಲ್ಲ. ಮಗ ಕೊಳವೆ ಕೊಂಡುಕೊಟ್ಟರೂ ಕೃತಜ್ಞತೆ ಹುಟ್ಟಲಿಲ್ಲ; 2019ರ ಚುನಾವಣೆಯಲ್ಲಿ ಅವರ ಪಕ್ಷಕ್ಕೆ ಆಲ್ಬರ್ಟಾದಿಂದ ಒಂದು ಸ್ಥಾನವೂ ಬರಲಿಲ್ಲ.

ಆ 2018ರ ಬೇಸಿಗೆಯ ಒಂದು ಘಟನೆಯನ್ನು ತಮ್ಮ ಹೇಳತೊಡಗಿದಾಗ ಜಗಲಿ ನಿಶ್ಶಬ್ದವಾಯಿತು. ಎಣ್ಣೆಹಡಗುಗಳ ದಾರಿಯ ಆ ಕಡಲಿನಲ್ಲಿ ಓರ್ಕಾ ಎಂಬ ತಿಮಿಂಗಿಲಗಳ ಒಂದು ಸಣ್ಣ ಬಳಗವಿದೆ, ಎಲ್ಲ ಸೇರಿ ಎಪ್ಪತ್ತರ ಆಸುಪಾಸು. ಜುಲೈಯಲ್ಲಿ ಅವುಗಳಲ್ಲೊಂದು ಕರು ಹಾಕಿತು. ಕರು ಅರ್ಧ ಗಂಟೆಯೊಳಗೆ ಸತ್ತಿತು. ತಾಯಿ ಆ ಕಳೇಬರವನ್ನು ಮುಳುಗಗೊಡದೆ, ಮೂತಿಯ ಮೇಲೆ ಎತ್ತಿ ಹಿಡಿದು ಹದಿನೇಳು ದಿನ ಈಜಿತು. ಅದಕ್ಕೂ ಕೊಳವೆಗೂ ಸಂಬಂಧವಿಲ್ಲ. ಹೊಸ ಕೊಳವೆ ಆಗಿನ್ನೂ ಹರಿದಿರಲಿಲ್ಲ. ಆದರೆ ಆಗಸ್ಟ್ 30ರಂದು ಮೇಲ್ಮನವಿ ನ್ಯಾಯಾಲಯ ಯೋಜನೆಯ ಅನುಮತಿಯನ್ನು ರದ್ದುಗೊಳಿಸಿತು. ಹಡಗುಗಳ ಸಂಚಾರವನ್ನೂ ಅದರಿಂದ ಈ ಬಳಗಕ್ಕೆ ಒದಗುವ ಹಾನಿಯನ್ನೂ ಮಂಡಲಿ ಯೋಜನೆಯ ಭಾಗವಾಗಿ ಪರಿಗಣಿಸಲೇ ಇಲ್ಲ, ತ್ಸ್ಲೇವಾಟೂತ್ ಮುಂತಾದ ಮೂಲನಿವಾಸಿಗಳ ಅಹವಾಲನ್ನು ಬರೆದುಕೊಂಡರೇ ಹೊರತು ಉತ್ತರ ಕೊಡಲಿಲ್ಲ ಎಂದಿತು. ಅದೇ ದಿನ ಕ್ಯಾಲ್ಗರಿಯಲ್ಲಿ ಕಂಪನಿಯ ಷೇರುದಾರರು ಸಭೆ ಸೇರಿ ಮಾರಾಟಕ್ಕೆ ಕೈಯೆತ್ತಿದರು. ಅನುಮತಿಯಿಲ್ಲದ ಯೋಜನೆ ಸರಕಾರದ ಮಡಿಲಿಗೆ ಬಿತ್ತು.

ತಿಮಿಂಗಿಲದ ಮಾತಿಗೆ ಭಾವ ಏನೂ ಹೇಳಲಿಲ್ಲ. ಆ ಚಿತ್ರವನ್ನು ತಾವೂ ನೋಡಿದ್ದರೆಂದು ಅನಂತರ ನನಗೆ ಹೇಳಿದರು.

ಮುಂದಿನದು ದುಡ್ಡಿನ ಕಥೆ. 2019ರಲ್ಲಿ ಮತ್ತೆ ಅನುಮತಿ ದೊರೆಯಿತು. 740 ಕೋಟಿಯೆಂದು ಹೇಳಿದ್ದ ನಿರ್ಮಾಣವೆಚ್ಚ, 2024ರ ಮೇ 1ರಂದು ಕೊಳವೆ ಹರಿಯುವ ಹೊತ್ತಿಗೆ ಸುಮಾರು 3,400 ಕೋಟಿ ಡಾಲರು. ಆಲ್ಬರ್ಟಾಕ್ಕೆ ಬೆಲೆ ಸುಧಾರಿಸಿತು, ಹಡಗುಗಳು ಏಷ್ಯಕ್ಕೆ ಹೊರಟವು. ಭಾವನವರ ಮಾತು ಅಷ್ಟರಮಟ್ಟಿಗೆ ಗೆದ್ದಿತು.

ಅಲ್ಲಿಯವರೆಗೆ ಹೂ ಕಟ್ಟುತ್ತ ಕುಳಿತಿದ್ದ ಅಕ್ಕ ಬಾಯಿ ತೆರೆದಳು. “ನಾಲ್ಕು ಕೋಟಿ ಜನ. ಎಳೆಯ ಕೂಸೂ ಸೇರಿ ತಲೆಗೆ 850 ಡಾಲರು. ನಮ್ಮ ಮನೆಯ ನಾಲ್ಕು ತಲೆಗೆ 3,400. ನನ್ನನ್ನು ಕೇಳಿದ್ದರೆ ಅಡುಗೆಮನೆ ರಿಪೇರಿ ಮಾಡಿಸುತ್ತಿದ್ದೆ.” ಪರ್ವತದ ಆಚೆಯವರೂ ಈಚೆಯವರೂ ಅಂದು ಒಟ್ಟಿಗೆ ನಕ್ಕದ್ದು ಆಗ ಮಾತ್ರ.

ಆದರೆ 2025ರಲ್ಲಿ ಅಮೆರಿಕ ಕೆನಡಾದ ಸರಕಿಗೆ ಸುಂಕ ಹೇರಿದ ಮೇಲೆ, ಒಬ್ಬನೇ ಗಿರಾಕಿಯ ಕಷ್ಟ ಏನೆಂಬುದು ಬರ್ನಬಿಗೂ ತುಸು ತಿಳಿದಿದೆ, ತಮ್ಮನೇ ಒಪ್ಪಿಕೊಂಡ. ಆ ನವೆಂಬರಿನಲ್ಲಿ ಪ್ರಧಾನಿ ಮಾರ್ಕ್ ಕಾರ್ನಿಯವರೂ ಆಲ್ಬರ್ಟಾದ ಮುಖ್ಯಮಂತ್ರಿ ಡೇನಿಯಲ್ ಸ್ಮಿತ್ ಅವರೂ ಕಡಲಿಗೆ ಇನ್ನೊಂದು ಕೊಳವೆಯ ವಿಚಾರವಾಗಿ ಒಡಂಬಡಿಕೆಗೆ ಸಹಿ ಹಾಕಿದರು. “ಇದು ಎಷ್ಟಕ್ಕಂತೆ?” ಎಂದು ಅಕ್ಕ ಕೇಳಿದಳು. ಭಾವ ಲೋಟವನ್ನು ಕೆಳಗಿಟ್ಟು, ಛತ್ರದವರ ಲೆಕ್ಕ ನೋಡಬೇಕೆಂದು ಎದ್ದುಹೋದರು.