ಕ್ಯಾಲೊರಿಯ ಲೆಕ್ಕವೂ ಊಟದ ಎಲೆಯೂ

ಕಳೆದ ತಿಂಗಳು ನಮ್ಮ ಕಾಲೇಜಿನ ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಒಂದು ಪ್ರಸಂಗ ನಡೆಯಿತು. ಎರಡನೆಯ ವರ್ಷದ ಬಿ.ಎಸ್‌ಸಿ. ತರಗತಿಯ ವಿದ್ಯಾರ್ಥಿನಿಯೊಬ್ಬಳು ಸ್ಪೆಕ್ಟ್ರೋಮೀಟರಿನ ದೂರದರ್ಶಕವನ್ನು ಹೊಂದಿಸುತ್ತಿದ್ದವಳು ಇದ್ದಕ್ಕಿದ್ದಂತೆ ಮೇಜನ್ನು ಹಿಡಿದುಕೊಂಡು ಕುಳಿತುಬಿಟ್ಟಳು. ಕಣ್ಣು ಕತ್ತಲೆಗಟ್ಟಿತಂತೆ. ನೀರು ಕುಡಿಸಿ, ಅಟೆಂಡರು ತಂದ ಬಾಳೆಯ ಹಣ್ಣನ್ನು ಕೈಗಿತ್ತರೆ, ಆಕೆ ಮೊದಲು ಮಾಡಿದ ಕೆಲಸವೆಂದರೆ ಮೊಬೈಲ್ ಫೋನನ್ನು ತೆಗೆದು ಆ ಹಣ್ಣಿನಲ್ಲಿ ಎಷ್ಟು ಕ್ಯಾಲೊರಿಯಿದೆಯೆಂದು ನೋಡಿದುದು! ವಿಚಾರಿಸಿದಾಗ ತಿಳಿದುಬಂತು: ದಿನವೊಂದಕ್ಕೆ 1000 ಕ್ಯಾಲೊರಿಯನ್ನು ಮೀರಬಾರದೆಂದು ಆಕೆ ತನಗೆ ತಾನೇ ಕಟ್ಟುಪಾಡು ಹಾಕಿಕೊಂಡಿದ್ದಳು. ಪಕ್ಕದಲ್ಲಿದ್ದ ಗೆಳತಿ, ವಿದ್ಯಾರ್ಥಿನಿಲಯದಲ್ಲಿ ಒಂದೇ ಕೋಣೆಯವಳು, "ನಾನು ಹೇಳಲಿಲ್ಲವೇ? ಲೆಕ್ಕ ಬಿಟ್ಟುಬಿಡು, ಶುದ್ಧವಾದದ್ದನ್ನು ತಿನ್ನು ಅಂತ" ಎಂದಳು. ಇವಳು ಸಕ್ಕರೆ, ಮೈದಾ, ಪೊಟ್ಟಣದ ತಿಂಡಿ ಎಲ್ಲವನ್ನೂ ತ್ಯಜಿಸಿದವಳು. ಆದರೆ ಬೆಲ್ಲ, ಜೇನುತುಪ್ಪ, ಗಾಣದ ಎಣ್ಣೆ, ಗೋಡಂಬಿ ಇವಕ್ಕೆ ಮಿತಿಯೇ ಬೇಕಿಲ್ಲವೆಂಬುದು ಇವಳ ನಂಬಿಕೆ. ಕೊನೆಗೆ ಇಬ್ಬರೂ ನನ್ನ ಕಡೆ ತಿರುಗಿ, "ಕ್ಯಾಲೊರಿ ನಿಮ್ಮ ಪಾಠದ್ದೇ ಅಲ್ಲವೇ ಸಾರ್? ನೀವೇ ಹೇಳಿ" ಎಂದರು.

ನಾನು ವೈದ್ಯನಲ್ಲ, ಆಹಾರಶಾಸ್ತ್ರವನ್ನು ಓದಿದವನೂ ಅಲ್ಲ. ಆದರೂ ಕ್ಯಾಲೊರಿ ನಮ್ಮ ಪಾಠದ್ದೆಂಬುದನ್ನು ಅಲ್ಲಗಳೆಯುವಂತಿಲ್ಲ. ಅಲ್ಲದೆ ಈ ವಾದ ಆ ಇಬ್ಬರು ತರುಣಿಯರದು ಮಾತ್ರವೂ ಅಲ್ಲ. ಇಂದು ಮೈಯ ತೂಕವನ್ನು ಇಳಿಸಬೇಕೆನ್ನುವವರಲ್ಲಿ ಎರಡು ಪಕ್ಷಗಳಾಗಿವೆ. ತೂಕವೆಂಬುದು ಜಮಾಖರ್ಚಿನ ವಿಷಯ, ಏನನ್ನು ತಿಂದೆವೆಂಬುದಲ್ಲ, ಎಷ್ಟು ತಿಂದೆವೆಂಬುದೇ ಮುಖ್ಯ ಎಂಬುದು ಒಂದು ಪಕ್ಷ. ಎಷ್ಟೆಂಬುದು ಬೇಡ, ಎಂಥದೆಂಬುದೇ ಸಾಕು ಎಂಬುದು ಇನ್ನೊಂದು. ನನಗೆ ತೋರುವಂತೆ, ಮೊದಲನೆಯವರು ನಿಯಮವನ್ನು ಸರಿಯಾಗಿ ತಿಳಿದು ಅಳತೆಯಲ್ಲಿ ಮೋಸಹೋಗಿದ್ದಾರೆ. ಎರಡನೆಯವರು ನಿಜವೊಂದನ್ನು ಕಂಡುಕೊಂಡು ಅದಕ್ಕೆ ತಪ್ಪು ಹೆಸರನ್ನಿಟ್ಟಿದ್ದಾರೆ.

ಮೊದಲು ನಿಯಮವನ್ನು ನೋಡೋಣ. ಶಕ್ತಿಯನ್ನು ಸೃಷ್ಟಿಸುವುದಾಗಲಿ ನಾಶಮಾಡುವುದಾಗಲಿ ಸಾಧ್ಯವಿಲ್ಲವಷ್ಟೆ. ಇದು ಉಗಿಯಂತ್ರಕ್ಕೆ ಅನ್ವಯಿಸುವಂತೆ ಜೀವಿಗೂ ಅನ್ವಯಿಸುವುದೇ? 1780ರ ದಶಕದಲ್ಲಿಯೇ ಫ್ರಾನ್ಸಿನ ಲವಾಸಿಯೆ ಮತ್ತು ಲಾಪ್ಲಾಸ್ ಇವರು ಗಿನಿ ಇಲಿಯೊಂದನ್ನು ಮಂಜುಗಡ್ಡೆ ಸುತ್ತುವರಿದ ಪಾತ್ರೆಯಲ್ಲಿ ಕೂರಿಸಿ, ಅದರ ಮೈಶಾಖದಿಂದ ಕರಗಿದ ನೀರನ್ನು ತೂಗಿ, ಉಸಿರಾಟವೂ ಒಂದು ಬಗೆಯ ನಿಧಾನವಾದ ದಹನವೇ ಎಂದು ತೋರಿಸಿದರು. ಸುಮಾರು ನೂರು ವರ್ಷಗಳ ಮೇಲೆ ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದ ವೆಸ್ಲಿಯನ್ ವಿಶ್ವವಿದ್ಯಾನಿಲಯದಲ್ಲಿ ರಸಾಯನಶಾಸ್ತ್ರಜ್ಞ ಆಟ್‌ವಾಟರ್, ಭೌತಶಾಸ್ತ್ರಜ್ಞ ರೋಸಾ ಅವರ ನೆರವಿನಿಂದ, ಮನುಷ್ಯನೇ ಒಳಗಿದ್ದು ಉಂಡು ಮಲಗಿ ಏಳಬಹುದಾದ ಚಿಕ್ಕ ಕೋಣೆಯೊಂದನ್ನು ಕಟ್ಟಿದರು. (ನಮ್ಮ ಶಾಸ್ತ್ರದವನಿಗೂ ಇದರಲ್ಲಿ ಪಾಲಿತ್ತೆಂದು ಹೇಳಿಕೊಳ್ಳುವ ಆಸೆಯನ್ನು ತಡೆಯಲಾರೆ.) ಕೋಣೆಯೊಳಗಿನ ಶಾಖವನ್ನು ಕೊಳವೆಯಲ್ಲಿ ಹರಿಯುವ ತಣ್ಣೀರು ಹೊತ್ತೊಯ್ಯುತ್ತಿತ್ತು, ಆ ನೀರಿನ ಉಷ್ಣತೆಯ ಏರಿಕೆಯಿಂದ ಒಳಗಿದ್ದವನು ವ್ಯಯಿಸಿದ ಶಕ್ತಿ ತಿಳಿಯುತ್ತಿತ್ತು. ದಿನಗಟ್ಟಲೆ ನಡೆದ ಪರೀಕ್ಷೆಗಳಲ್ಲಿ ಒಳಹೋದ ಶಕ್ತಿಯೂ ಹೊರಬಂದ ಶಕ್ತಿಯೂ ಹೆಚ್ಚುಕಡಮೆ ಸರಿಸಮವಾಗಿದ್ದುವು. ಒಂದು ಗ್ರಾಂ ಶರ್ಕರಪಿಷ್ಟಕ್ಕೆ 4, ಸಸಾರಜನಕಕ್ಕೆ 4, ಕೊಬ್ಬಿಗೆ 9 ಕ್ಯಾಲೊರಿ ಎಂದು ಇಂದು ಪೊಟ್ಟಣಗಳ ಮೇಲೆ ಲೆಕ್ಕ ಹಾಕುವುದು ಆಟ್‌ವಾಟರರ ಕಾಲದಿಂದ ಬಂದ ಈ ಅಂಕಿಗಳಿಂದಲೇ.

ಈ ಆಹಾರದ ಕ್ಯಾಲೊರಿ ನಮ್ಮ ಪುಸ್ತಕದ ಕ್ಯಾಲೊರಿಯ ಸಾವಿರದಷ್ಟು ದೊಡ್ಡದೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು. ಎಂದರೆ ಸುಮಾರು 4200 ಜೂಲ್. ದಿನಕ್ಕೆ 2000 ಕ್ಯಾಲೊರಿಯನ್ನು ಬಳಸುವವನ ಸಾಮರ್ಥ್ಯವೆಷ್ಟೆಂದು ಲೆಕ್ಕ ಹಾಕಿ ನೋಡಿರಿ: 86,400 ಸೆಕೆಂಡುಗಳಿಂದ ಭಾಗಿಸಿದರೆ 100 ವಾಟಿಗೆ ಸ್ವಲ್ಪ ಕಡಮೆ. ಹಳೆಯ ಕಾಲದ ತಂತಿಯ ದೀಪವೊಂದು ಹಗಲಿರುಳು ಉರಿದಷ್ಟು! ಇನ್ನೊಂದು ಲೆಕ್ಕ. 60 ಕಿಲೋಗ್ರಾಂ ತೂಕದವನು 10 ಮೀಟರ್ ಎತ್ತರದ ಮೆಟ್ಟಿಲನ್ನು ಹತ್ತಿದರೆ ಮಾಡಿದ ಕಾರ್ಯ ಸುಮಾರು 5900 ಜೂಲ್. ಸ್ನಾಯುಗಳ ದಕ್ಷತೆ ನಾಲ್ಕರಲ್ಲೊಂದು ಪಾಲೆಂದು ಹಿಡಿದರೂ ಖರ್ಚಾದುದು 6 ಕ್ಯಾಲೊರಿಯೊಳಗೇ. ಐದು ಗ್ರಾಂ ತೂಗುವ ಒಂದು ಬಿಸ್ಕತ್ತಿಗೆ ನಾಲ್ಕು ಸಲ ಮಹಡಿ ಹತ್ತಬೇಕು. ವ್ಯಾಯಾಮವೊಂದರಿಂದಲೇ ತೂಕವನ್ನು ಇಳಿಸುತ್ತೇನೆಂಬವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡುವುದು ಒಳ್ಳೆಯದು. ವ್ಯಾಯಾಮದ ಇತರ ಪ್ರಯೋಜನಗಳು ಬೇರೆ ಮಾತು.

ನಿಯಮವೇನೋ ನಿಜ. ತೊಡಕಿರುವುದು ಅಳತೆಯಲ್ಲಿ. ಪ್ರಯೋಗಶಾಲೆಯಲ್ಲಿ ನಾವು ಪ್ರತಿಯೊಂದು ಅಂಕಿಯ ಜೊತೆಗೂ ಅದರ ದೋಷವನ್ನು ಬರೆಯಬೇಕೆಂದು ಒತ್ತಾಯಿಸುತ್ತೇವೆ. ಫೋನಿನ ತೆರೆಯ ಮೇಲೆ "1043" ಎಂದು ಮೂಡುವ ಅಂಕಿಯ ಮುಂದೆ ಅಂಥದೇನೂ ಇರುವುದಿಲ್ಲ. ವಿದ್ಯಾರ್ಥಿನಿಲಯದ ಪಲ್ಯಕ್ಕೆ ಅಡಿಗೆಯವರು ಒಂದು ಚಮಚ ಎಣ್ಣೆ ಹೆಚ್ಚು ಹಾಕಿದರೆ, 10 ಗ್ರಾಮಿಗೆ 90 ಕ್ಯಾಲೊರಿ, ಅದು ಯಾವ ಲೆಕ್ಕಕ್ಕೂ ಬಾರದು. ಇಡಿಯ ಬಾದಾಮಿ ಬೀಜಗಳನ್ನು ತಿಂದಾಗ ದೇಹಕ್ಕೆ ದೊರೆಯುವ ಶಕ್ತಿ ಲೆಕ್ಕಕ್ಕಿಂತ ಬಹಳ ಕಡಮೆಯೆಂದು ಅಮೆರಿಕದ ಕೃಷಿ ಇಲಾಖೆಯ ಸಂಶೋಧಕರು 2012ರಲ್ಲಿ ತೋರಿಸಿದರು. 28 ಗ್ರಾಮಿಗೆ ಸುಮಾರು 170 ಎಂದಿದ್ದುದು ವಾಸ್ತವವಾಗಿ 129. ಸರಿಯಾಗಿ ಅಗಿಯದ ಕಣಗಳೊಳಗಿನ ಕೊಬ್ಬು ಜೀರ್ಣವಾಗದೆ ಹೊರಗೆ ಹೋಗುತ್ತದೆ. ಒಂದೇ ಪದಾರ್ಥ, ರುಬ್ಬಿದರೆ ಒಂದು ಬೆಲೆ, ಹಾಗೆಯೇ ತಿಂದರೆ ಇನ್ನೊಂದು!

ಎಲ್ಲಕ್ಕಿಂತ ಅಪಾಯಕರವಾದ ಉಪಕರಣವೆಂದರೆ ನಮ್ಮ ನೆನಪು. 1992ರಲ್ಲಿ ನ್ಯೂಯಾರ್ಕಿನಲ್ಲಿ, ಎಷ್ಟು ಕಡಮೆ ತಿಂದರೂ ತೂಕ ಇಳಿಯುವುದಿಲ್ಲವೆಂದು ದೂರುತ್ತಿದ್ದ ಹತ್ತು ಮಂದಿಯನ್ನು ಪರೀಕ್ಷಿಸಿದರು. ಇದಕ್ಕೆ ಬಳಸಿದ ವಿಧಾನ ಬಹು ಸೊಗಸಾದುದು. ಡ್ಯೂಟೀರಿಯಂ ಮತ್ತು ಆಮ್ಲಜನಕ-18 ಎಂಬ ಭಾರದ ಐಸೊಟೋಪುಗಳುಳ್ಳ ನೀರನ್ನು ಕುಡಿಸುತ್ತಾರೆ. ಜಲಜನಕ ದೇಹವನ್ನು ಬಿಡುವುದು ನೀರಾಗಿ ಮಾತ್ರ. ಆಮ್ಲಜನಕವಾದರೋ ನೀರಾಗಿಯೂ ಇಂಗಾಲದ ಡೈಆಕ್ಸೈಡ್ ಆಗಿಯೂ ಹೊರಹೋಗುತ್ತದೆ. ಇವೆರಡೂ ಕಡಮೆಯಾಗುವ ವೇಗದ ವ್ಯತ್ಯಾಸದಿಂದ ಉಸಿರಿನಲ್ಲಿ ಹೋದ ಡೈಆಕ್ಸೈಡಿನ ಪ್ರಮಾಣ, ಅದರಿಂದ ಖರ್ಚಾದ ಶಕ್ತಿ ದೊರೆಯುತ್ತದೆ. ಮನುಷ್ಯನನ್ನು ಕೋಣೆಯಲ್ಲಿ ಕೂಡಿಹಾಕುವ ಅಗತ್ಯವೇ ಇಲ್ಲ. ಫಲವೇನಾಯಿತು? ಅವರು ಬರೆದುಕೊಂಡಿದ್ದ ಸೇವನೆ ದಿನಕ್ಕೆ ಸರಾಸರಿ 1028 ಕ್ಯಾಲೊರಿ. ನಿಜವಾಗಿ ಸೇವಿಸಿದುದು 2081. ಅವರು ಸುಳ್ಳುಗಾರರೆಂದು ನಾನು ಹೇಳುವುದಿಲ್ಲ. ಬರೆಯುವಾಗ ಮರೆಯುವುದು, ಬಡಿಸಿಕೊಂಡುದನ್ನು ಕಡಮೆಯೆಂದು ಅಂದಾಜು ಮಾಡುವುದು ಎಲ್ಲರ ಸ್ವಭಾವ.

ಭವಿಷ್ಯವನ್ನು ಹೇಳುವಾಗಲೂ ಲೆಕ್ಕಿಗರು ಎಡವುತ್ತಾರೆ. ಒಂದು ಕಿಲೋಗ್ರಾಂ ಮೈಕೊಬ್ಬಿನಲ್ಲಿ ಸುಮಾರು 7700 ಕ್ಯಾಲೊರಿ ಅಡಗಿದೆ. ಹಾಗಾದರೆ ದಿನಕ್ಕೆ 100 ಕ್ಯಾಲೊರಿ ಹೆಚ್ಚಾಗಿ ತಿಂದವನು ಹತ್ತು ವರ್ಷಗಳಲ್ಲಿ 47 ಕಿಲೋಗ್ರಾಂ ದಪ್ಪವಾಗಬೇಕಲ್ಲವೇ? ಆಗುವುದಿಲ್ಲ. ತಳದಲ್ಲಿ ತೂತಿರುವ ಗಡಿಗೆಗೆ ನಲ್ಲಿಯನ್ನು ಸ್ವಲ್ಪ ಹೆಚ್ಚು ತಿರುಗಿಸಿದರೆ ನೀರಿನ ಮಟ್ಟ ಏರುತ್ತದೆ. ಮಟ್ಟ ಏರಿದಂತೆ ಒತ್ತಡ ಹೆಚ್ಚಿ ತೂತಿನಿಂದ ಸೋರುವುದೂ ಹೆಚ್ಚಿ, ಕೊನೆಗೆ ಹೊಸ ಮಟ್ಟವೊಂದರಲ್ಲಿ ನಿಲ್ಲುತ್ತದೆ. ದೇಹವೂ ಹಾಗೆಯೇ: ದಪ್ಪವಾದ ಮೈ ಹೆಚ್ಚು ಖರ್ಚುಮಾಡುತ್ತದೆ, ಸಣ್ಣಗಾದ ಮೈ ಕಡಮೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಕೆವಿನ್ ಹಾಲ್ ಮತ್ತು ಅವರ ಸಂಗಡಿಗರು 2011ರಲ್ಲಿ ಪ್ರಕಟಿಸಿದ ಗಣನೆಯಂತೆ, ದಿನಕ್ಕೆ 100 ಕ್ಯಾಲೊರಿಯ ಶಾಶ್ವತ ಬದಲಾವಣೆಯಿಂದ ಕಟ್ಟಕಡೆಗೆ ಆಗುವ ವ್ಯತ್ಯಾಸ ನಾಲ್ಕು ಕಿಲೋಗ್ರಾಮಿನ ಆಸುಪಾಸು. ಅದರಲ್ಲಿ ಅರ್ಧ ಬರಲು ಒಂದು ವರ್ಷ, ಬಹುಪಾಲು ಬರಲು ಮೂರು ವರ್ಷ ಬೇಕು. ಕೆವಿನ್ ಹಾಲ್ ಮೂಲತಃ ಭೌತಶಾಸ್ತ್ರವನ್ನು ಓದಿದವರೆಂಬುದನ್ನು ಇಲ್ಲಿ ನೆನೆಯಬಹುದು.

ಇನ್ನು ಎರಡನೆಯ ಪಕ್ಷ. ಆಂಗ್ಲರು "ಕ್ಲೀನ್ ಈಟಿಂಗ್" ಎನ್ನುವುದನ್ನು ನಮ್ಮ ಹುಡುಗರು "ಶುದ್ಧಾಹಾರ"ವೆಂದು ಕರೆಯುತ್ತಾರೆ. ಈ ಹೆಸರೇ ನನಗೆ ಹಿಡಿಸದು. ಮಡಿಮೈಲಿಗೆಗಳಿಂದ ಬಹುಕಾಲ ಬಳಲಿದ ನಮ್ಮ ನಾಡಿನಲ್ಲಿ ಊಟದೆಲೆಯ ಮೇಲಿನ ಪದಾರ್ಥಕ್ಕೆ ಮತ್ತೆ ಶುದ್ಧ–ಅಶುದ್ಧವೆಂಬ ಪಟ್ಟ ಕಟ್ಟುವುದು ವಿಜ್ಞಾನವಲ್ಲ. ಯಾವುದು ಶುದ್ಧವೆಂದು ಕೇಳಿದರೆ ಹತ್ತು ಮಂದಿ ಹತ್ತು ಉತ್ತರ ಕೊಡುತ್ತಾರೆ. ಬೆಲ್ಲದ ಕ್ಯಾಲೊರಿ ಸಕ್ಕರೆಯದಕ್ಕಿಂತ ಅತ್ಯಲ್ಪವೇ ಕಡಮೆ. ಅದೂ ಬೆಲ್ಲದಲ್ಲಿರುವ ತೇವದಿಂದ. ಎಣ್ಣೆಯನ್ನು ಎತ್ತಿನ ಗಾಣದಲ್ಲಿ ತೆಗೆದರೂ ಕಾರ್ಖಾನೆಯಲ್ಲಿ ತೆಗೆದರೂ ಗ್ರಾಮಿಗೆ 9 ಕ್ಯಾಲೊರಿಯೇ. ರಕ್ತವನ್ನು "ಶುದ್ಧಿಗೊಳಿಸುವ" ಪಾನಕಗಳ ವಿಷಯದಲ್ಲಿ ಮಾತೇ ಬೇಡ. ಆ ಕೆಲಸಕ್ಕೆ ಯಕೃತ್ತೂ ಮೂತ್ರಪಿಂಡಗಳೂ ಇವೆ.

ಆದರೆ ಹೆಸರು ತಪ್ಪೆಂದು ಅದರ ಹಿಂದಿರುವ ನಿಜವನ್ನು ಬಿಸುಡಲಾಗದು. 2019ರಲ್ಲಿ ಅದೇ ಕೆವಿನ್ ಹಾಲ್ ಇಪ್ಪತ್ತು ಮಂದಿಯನ್ನು ನಾಲ್ಕು ವಾರಗಳ ಕಾಲ ಸಂಶೋಧನಾಲಯದಲ್ಲಿಯೇ ಇರಿಸಿಕೊಂಡು ಪ್ರಯೋಗವೊಂದನ್ನು ನಡೆಸಿದರು. ಎರಡು ವಾರ ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ಆಹಾರ. ಎರಡು ವಾರ ಕಾಳು, ತರಕಾರಿ, ಹಣ್ಣು, ಮಾಂಸ ಮೊದಲಾದವುಗಳಿಂದ ಆಗಲೇ ಮಾಡಿದ ಅಡಿಗೆ. ಮುಂದಿಟ್ಟ ಊಟಗಳಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು, ಉಪ್ಪು ಎಲ್ಲವೂ ಸಮ. ಬೇಕಾದಷ್ಟು ತಿನ್ನಬಹುದು, ಬೇಡವಾದರೆ ಬಿಡಬಹುದು. ಸಂಸ್ಕರಿತ ಆಹಾರದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚಾಗಿ ಸೇವಿಸಿದರು, ಬೇಗಬೇಗನೆ ತಿಂದರು, ಎರಡು ವಾರಗಳಲ್ಲಿ ತೂಕ 0.9 ಕಿಲೋಗ್ರಾಂ ಏರಿತು. ಮನೆಯಡಿಗೆಯಂಥ ಆಹಾರದಲ್ಲಿ ಅಷ್ಟೇ ಇಳಿಯಿತು. ಈಗ ಗುಣಿಸಿ ನೋಡಿರಿ: 500ನ್ನು 14ರಿಂದ ಗುಣಿಸಿದರೆ 7000, 7700ರಿಂದ ಭಾಗಿಸಿದರೆ 0.9! ಮೈಯ ನೀರಿನ ಏರಿಳಿತವೂ ಇರುವುದರಿಂದ ಉತ್ತರ ಇಷ್ಟು ನಿಖರವಾಗಿ ಬಂದುದರಲ್ಲಿ ಆಕಸ್ಮಿಕತೆಯೂ ಸ್ವಲ್ಪ ಇದ್ದೀತು. ಆದರೂ ನೋಡಿರಿ, ಜಮಾಖರ್ಚಿನ ನಿಯಮ ಎಲ್ಲಿಯೂ ಮುರಿಯಲಿಲ್ಲ. ಆದರೆ ಜಮಾ ಎಷ್ಟಾಗಬೇಕೆಂಬುದನ್ನು ಆಹಾರದ ಸ್ವರೂಪವೇ ನಿರ್ಧರಿಸಿತು, ತಿನ್ನುವವರಿಗೆ ತಿಳಿಯದಂತೆ.

2018ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಪರೀಕ್ಷೆಯೂ ಇದಕ್ಕೆ ಹೊಂದುತ್ತದೆ. 609 ಮಂದಿಯಲ್ಲಿ ಒಂದು ಗುಂಪಿಗೆ ಕೊಬ್ಬನ್ನೂ ಇನ್ನೊಂದಕ್ಕೆ ಶರ್ಕರಪಿಷ್ಟವನ್ನೂ ಕಡಮೆ ಮಾಡಹೇಳಿದರು. ಕ್ಯಾಲೊರಿ ಎಣಿಸೆಂದು ಹೇಳಲಿಲ್ಲ. ಸಂಸ್ಕರಿಸದ ಆಹಾರವನ್ನೇ ತಿನ್ನಿರೆಂದು ಎರಡು ಗುಂಪಿಗೂ ಹೇಳಿದರು. ವರ್ಷದ ಕೊನೆಗೆ ಎರಡರಲ್ಲಿಯೂ ಸರಾಸರಿ ಐದಾರು ಕಿಲೋಗ್ರಾಂ ಇಳಿದಿತ್ತು. ಒಬ್ಬೊಬ್ಬರನ್ನೇ ನೋಡಿದರೆ ಮಾತ್ರ ಅಂತರ ಅಗಾಧ. ಕೆಲವರ ತೂಕ ಏರಿಯೇ ಇತ್ತು.

ಹೀಗೆಂದು ಹೇಳಿ ನಮ್ಮ ವಿದ್ಯಾರ್ಥಿಗಳಿಗೆ ಅಡಿಗೆಮನೆಯ ಆಹಾರವನ್ನೇ ತಿನ್ನಿರೆಂದು ಉಪದೇಶಿಸುವುದು ಸುಲಭ. ಅವರಿಗೆ ಅದು ಸಿಗಬೇಕಲ್ಲ! ನಮ್ಮ ಕಾಲೇಜಿನ ಉಪಾಹಾರಗೃಹದಲ್ಲಿ ಇಡ್ಲಿ ಒಂಬತ್ತೂವರೆಗೆ ಮುಗಿಯುತ್ತದೆ. ಪ್ರಯೋಗಶಾಲೆಯ ಅವಧಿ ನಡುವೆ ಬಿಡುವಿಲ್ಲದೆ ಎರಡು ಗಂಟೆಯವರೆಗೂ ಸಾಗುತ್ತದೆ. ಆ ವೇಳಾಪಟ್ಟಿಯನ್ನು ಹಾಕಿದವರಲ್ಲಿ ನಾನೂ ಒಬ್ಬ. ಎರಡು ಗಂಟೆಗೆ ಉಳಿದಿರುವುದು ಆಲೂಗೆಡ್ಡೆ ಚಿಪ್ಸು, ಕ್ರೀಮ್ ಬಿಸ್ಕತ್ತು, ಬಣ್ಣದ ಸಿಹಿನೀರು. ಹತ್ತು ನಿಮಿಷದ ಬಿಡುವನ್ನೂ ಒಂದು ತಟ್ಟೆ ಉಸಲಿಯನ್ನೂ ಏರ್ಪಡಿಸಲಾಗದವರು ವಿದ್ಯಾರ್ಥಿಯ ಸಂಯಮವನ್ನು ಕುರಿತು ಭಾಷಣ ಮಾಡುವುದು ಸಲ್ಲದು. ಈ ವಿಷಯವನ್ನು ವಿಭಾಗದ ಸಭೆಯಲ್ಲಿ ಎತ್ತಿದ್ದೇನೆ. ಬಿಡುವಿಗೆ ಒಪ್ಪಿಗೆ ದೊರೆತಿದೆ, ಉಸಲಿಗೆ ಇನ್ನೂ ಇಲ್ಲ.

ಪ್ರಯೋಗಶಾಲೆಯಲ್ಲಿ ಕುಸಿದ ಹುಡುಗಿಗೆ ನಾನು ಹೇಳಿದುದು ಬೇರೆ ಕಥೆ. 1944–45ರಲ್ಲಿ ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸ್ ಎಂಬವರು, ಯುದ್ಧದಲ್ಲಿ ಆಯುಧ ಹಿಡಿಯಲೊಪ್ಪದೆ ತಾವಾಗಿಯೇ ಮುಂದೆ ಬಂದ 36 ಮಂದಿ ತರುಣರನ್ನು ಆರು ತಿಂಗಳ ಅರೆಹೊಟ್ಟೆಗೆ ಗುರಿಪಡಿಸಿದರು. ಬರಗಾಲದಲ್ಲಿ ಬಳಲಿದವರನ್ನು ಮತ್ತೆ ಚೇತರಿಸುವ ಬಗೆಯನ್ನು ತಿಳಿಯುವುದು ಉದ್ದೇಶ. ಅವರಿಗೆ ಕೊಡುತ್ತಿದ್ದುದು ದಿನಕ್ಕೆ ಸುಮಾರು 1570 ಕ್ಯಾಲೊರಿ. ತೂಕದಲ್ಲಿ ಕಾಲುಭಾಗ ಇಳಿಯಿತು. ಅದರ ಜೊತೆಗೆ ಸ್ನಾಯು ಕರಗಿತು, ನಾಡಿ ನಿಧಾನವಾಯಿತು, ಸದಾ ಚಳಿ, ಸದಾ ಊಟದ ಧ್ಯಾನ. ಕೆಲವರು ಅಡಿಗೆಯ ಪುಸ್ತಕಗಳನ್ನು ಸಂಗ್ರಹಿಸತೊಡಗಿದರು. ವಯಸ್ಕ ಪುರುಷರಿಗೆ ಅರೆಹೊಟ್ಟೆಯೆಂದು ಶಾಸ್ತ್ರಜ್ಞರು ಕರೆದ ಆ ಪ್ರಮಾಣಕ್ಕಿಂತಲೂ ಮೂರರಲ್ಲೊಂದು ಪಾಲಿಗೂ ಹೆಚ್ಚಾಗಿ ಕಡಮೆ ಉಂಡು ನಮ್ಮ ಹುಡುಗಿ ಸೂಕ್ಷ್ಮ ಅಳತೆಯನ್ನು ಮಾಡಹೊರಟಿದ್ದಳು! ಅಲ್ಲದೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ 59 ಶೇಕಡಾ ಮಂದಿಗೆ ರಕ್ತಹೀನತೆ ಕಂಡುಬಂದಿತು. ಊಟವನ್ನು ಕಳೆದಾಗ ಕ್ಯಾಲೊರಿ ಮಾತ್ರ ಕಳೆಯುವುದಿಲ್ಲ. ಸೊಪ್ಪಿನ ಕಬ್ಬಿಣವೂ ರಾಗಿಯ ಸುಣ್ಣದಂಶವೂ ಬೇಳೆಯ ಸಸಾರಜನಕವೂ ಕೂಡಿಯೇ ಕಳೆಯುತ್ತವೆ. ಬೆಳೆಯುವ ವಯಸ್ಸಿನವರು ವೈದ್ಯರನ್ನು ಕೇಳದೆ ಈ ವ್ಯವಕಲನಕ್ಕೆ ಕೈಹಾಕಲೇಬಾರದೆಂಬುದು ನನ್ನ ನಿಶ್ಚಿತವಾದ ಅಭಿಪ್ರಾಯ. ಆಕೆಯನ್ನು ಮರುದಿನವೇ ವೈದ್ಯರ ಬಳಿಗೆ ಕಳುಹಿಸಿದೆವು.

ಎಣಿಸುವುದನ್ನೇ ನಿಷೇಧಿಸಬೇಕೆನ್ನುವವನು ನಾನಲ್ಲ. ದೊಡ್ಡವರು ಒಂದೆರಡು ವಾರ ಪ್ರಯೋಗವೆಂದು ಎಣಿಸಿ ನೋಡಲಿ. ಎಣ್ಣೆಯೂ ಸಿಹಿಪಾನೀಯವೂ ಎಷ್ಟು ಭಾರವೆಂಬುದು ಮನಸ್ಸಿಗೆ ನಾಟಿದ ಮೇಲೆ ಪುಸ್ತಕವನ್ನು ಮುಚ್ಚಲಿ. ಅನಂತರ ನೋಡಬೇಕಾದುದು ಎಲೆಯನ್ನು.

ಆ ಗೆಳತಿಯರಿಬ್ಬರೂ ಕಳೆದ ಶನಿವಾರ ಪ್ರಯೋಗಶಾಲೆಗೆ ಬಂದು ಅರ್ಧ ಗ್ರಾಂ ತೂಗುವ ಕಡಲೆಕಾಯಿ ಬೀಜವೊಂದನ್ನು ಸೂಜಿಗೆ ಚುಚ್ಚಿ, ಉರಿಸಿ, ಅದರ ಜ್ವಾಲೆಯಿಂದ 50 ಗ್ರಾಂ ನೀರನ್ನು ಕಾಯಿಸಿದರು. ಕೋಷ್ಟಕದಂತೆ ಉಷ್ಣತೆ 57 ಡಿಗ್ರಿ ಏರಬೇಕಿತ್ತು, ಏರಿದುದು 19. "ಉಳಿದದ್ದು ಎಲ್ಲಿ ಹೋಯಿತು ಸಾರ್?" ಎಂದು ಎಣಿಸುವವಳೇ ಕೇಳಿದಳು. ಗಾಳಿಗೆ, ಗಾಜಿಗೆ, ಮಸಿಗೆ ಎಂದೆ. ಮುಂದಿನ ಶನಿವಾರ ತಗಡಿನ ಮರೆ ಕಟ್ಟಿ ಮತ್ತೆ ಮಾಡುವರಂತೆ. ಪೊಟ್ಟಣದಲ್ಲಿ ಉಳಿದಿದ್ದ ಕಡಲೆಕಾಯಿಯನ್ನು ಇಬ್ಬರೂ ಹಂಚಿಕೊಂಡು ತಿನ್ನುತ್ತ ಹೋದರು.