ಕುಡಿತದ ಚಿಕಿತ್ಸೆ: ಖರ್ಚು ಎಷ್ಟು, ಹೊರೆ ಯಾರ ಮೇಲೆ?

ಮದ್ಯದ ಹಿಡಿತಕ್ಕೆ ಸಂಪೂರ್ಣವಾಗಿ ಒಳಗಾದ ಮೂವತ್ತೆಂಟು ಮಂದಿಯಲ್ಲಿ ಒಬ್ಬನಿಗೆ ಮಾತ್ರ ಯಾವುದಾದರೊಂದು ಬಗೆಯ ಚಿಕಿತ್ಸೆ ದೊರೆತಿದೆಯೆಂದು, ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯವು ದಿಲ್ಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಮೂಲಕ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯು ತಿಳಿಸಿತು. ಆಸ್ಪತ್ರೆಯಲ್ಲಿ ಉಳಿದು ಚಿಕಿತ್ಸೆ ಪಡೆದವರಂತೂ 180ರಲ್ಲಿ ಒಬ್ಬರು. ದೇಶದಲ್ಲಿ ಇಂತಹ ವ್ಯಸನಾಧೀನರು ಸುಮಾರು 2.9 ಕೋಟಿ ಎಂದು ಅದೇ ವರದಿಯು ಎಣಿಸಿತ್ತು. ಉಳಿದ ಮೂವತ್ತೇಳು ಮಂದಿ ಎಲ್ಲಿದ್ದಾರೆಂದು ನಮ್ಮ ವಾಚಕರಿಗೆ ಹೇಳಬೇಕಾಗಿಲ್ಲ. ಅವರಲ್ಲಿ ಕೆಲವರು ನಮ್ಮ ಹೋಟೆಲುಗಳ ಭಟ್ಟಿಯ ಮುಂದೆ ನಿಂತಿದ್ದಾರೆ, ಕೆಲವರು ಕಚೇರಿಯ ಮೇಜಿನ ಮುಂದೆ ಕುಳಿತಿದ್ದಾರೆ.

ಅವರೇಕೆ ಚಿಕಿತ್ಸೆಗೆ ಹೋಗುವುದಿಲ್ಲ? ನಾಚಿಕೆಯಿಂದ ಎಂದು ಸಾಮಾನ್ಯವಾಗಿ ಹೇಳುವುದುಂಟು. ಇದನ್ನು ನಾವು ಪೂರ್ಣವಾಗಿ ಒಪ್ಪಲಾರೆವು. ಒಂದೇ ಖೋಲಿಯಲ್ಲಿ ಎಂಟು ಮಂದಿ ಮಲಗುವ ಕಡೆಯಲ್ಲಿ ಯಾರು ಎಷ್ಟು ಕುಡಿಯುತ್ತಾರೆಂಬುದು ಗುಟ್ಟಾಗಿ ಉಳಿಯುವುದೆಂತು? ನಿಜವಾದ ಅಡ್ಡಿ ಎರಡು: ಎಲ್ಲಿಗೆ ಹೋಗಬೇಕೆಂದು ತಿಳಿಯದು, ಹೋದರೆ ಸಾವಿರಾರು ರೂಪಾಯಿ ಬೇಕೆಂಬ ಭಯ. ಮೊದಲನೆಯದು ಅಜ್ಞಾನ. ಎರಡನೆಯದು ಅರ್ಧ ಸತ್ಯ.

ಪರೇಲಿನ ಕೆ.ಇ.ಎಂ., ಮುಂಬಯಿ ಸೆಂಟ್ರಲಿನ ನಾಯರ್, ಸಾಯನಿನ ಲೋಕಮಾನ್ಯ ತಿಲಕ್, ಜುಹೂವಿನ ಕೂಪರ್, ಇವು ನಗರಪಾಲಿಕೆಯ ಆಸ್ಪತ್ರೆಗಳು, ಭಾಯಖಳೆಯ ಜೆ.ಜೆ. ಆಸ್ಪತ್ರೆ ರಾಜ್ಯ ಸರಕಾರದ್ದು. ಇವೆಲ್ಲವುಗಳಲ್ಲಿಯೂ ಮನೋರೋಗ ವಿಭಾಗಗಳಿವೆ. ಕುಡಿತದ ಚಿಕಿತ್ಸೆ ಆ ವಿಭಾಗದ ದಿನನಿತ್ಯದ ಕೆಲಸವೇ ಆಗಿದೆ. ಹೊರರೋಗಿಯಾಗಿ ಕೇಸ್ ಪೇಪರ್ ಮಾಡಿಸಲು ತಗಲುವ ಹಣ, ಒಂದು ಸಂಜೆ ಗುತ್ತಿಗೆ ತೆರುವ ಹಣಕ್ಕಿಂತ ಬಹಳ ಕಡಿಮೆ. ಹಾಗಿದ್ದೂ ನಮ್ಮವರು ಮೊದಲು ಹೋಗುವುದು ಅಲ್ಲಿಗಲ್ಲ. ಯಾರೋ ಹೇಳಿದ ಊರಾಚೆಯ ಖಾಸಗಿ ಕೇಂದ್ರಕ್ಕೆ, ಅದೂ ಸಾಲ ಮಾಡಿ.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಹಲವು ವರ್ಷ ದಿನವೂ ಕುಡಿದವನು ಒಮ್ಮೆಲೇ ನಿಲ್ಲಿಸುವುದು ಧೈರ್ಯದ ಕೆಲಸವೆಂದು ಕಾಣಬಹುದು, ಆದರೆ ಅಪಾಯಕರ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಕೈಕಾಲು ನಡುಗಿ, ಜ್ವರ ಬಂದು, ಇಲ್ಲದವರು ಕಾಣಿಸಿ, ದಿಕ್ಕು ತಪ್ಪಿದ ಸನ್ನಿಯೂ ಬರಬಹುದು. ಚಿಕಿತ್ಸೆಯಿಲ್ಲದಿದ್ದರೆ ಈ ಸ್ಥಿತಿಯಲ್ಲಿ ಪ್ರಾಣ ಹೋಗುವುದುಂಟು. ಇದನ್ನು ದೆವ್ವದ ಕಾಟವೆಂದು ತಿಳಿದು ರೋಗಿಯನ್ನು ರೈಲು ಹತ್ತಿಸಿ ಊರಿಗೆ ಕಳುಹಿಸುವವರಿದ್ದಾರೆ. ಆತನಿಗೆ ಬೇಕಾದುದು ಕೆಲವು ದಿನಗಳ ಔಷಧಿ, ಬಿ ಜೀವಸತ್ವದ ಚುಚ್ಚುಮದ್ದು ಮತ್ತು ದಾದಿಯರ ಕಣ್ಗಾವಲು. ಇಷ್ಟನ್ನು ಸಾರ್ವಜನಿಕ ಆಸ್ಪತ್ರೆಯು ಕೊಡಬಲ್ಲದು.

ಊಟದಲ್ಲಿ ಗುಟ್ಟಾಗಿ ಬೆರೆಸುವ ‘ಕುಡಿತ ಬಿಡಿಸುವ ಪುಡಿ’ಗಳ ವಿಷಯವೂ ಇಷ್ಟೇ ಗಂಭೀರವಾದುದು. ಡೈಸಲ್ಫಿರಾಮ್ ಎಂಬ ಮಾತ್ರೆಯನ್ನು ವೈದ್ಯರು ರೋಗಿಯ ಒಪ್ಪಿಗೆಯಿಂದ, ಪರೀಕ್ಷೆಗಳನ್ನು ಮಾಡಿ ಕೊಡುತ್ತಾರೆ. ಅದು ಹೊಟ್ಟೆಯಲ್ಲಿರುವಾಗ ಕುಡಿದರೆ ರಕ್ತದೊತ್ತಡ ಕುಸಿದು ಹೃದಯಕ್ಕೇ ಅಪಾಯ ಉಂಟಾಗಬಹುದು. ತಿಳಿಯದೆ ತಿಂದವನು ತಿಳಿಯದೆಯೇ ಕುಡಿಯುತ್ತಾನಲ್ಲವೇ? ಹೆಂಡತಿಯ ಕೈಯಿಂದ ಹೀಗೆ ಬೆರೆಸಿಸುವವನು ಆಕೆಯ ಕೈಗೆ ವಿಷವನ್ನೇ ಕೊಟ್ಟಂತೆ.

ಖಾಸಗಿ ಕೇಂದ್ರಗಳೆಲ್ಲವೂ ಕೆಟ್ಟವೆಂದು ನಮ್ಮ ಅಭಿಪ್ರಾಯವಲ್ಲ. ಡಾ. ಅನಿತಾ ಮತ್ತು ಡಾ. ಅನಿಲ್ ಅವಚಟ್ ದಂಪತಿಗಳು 1986ರಲ್ಲಿ ಪುಣೆಯಲ್ಲಿ ಆರಂಭಿಸಿದ ಮುಕ್ತಾಂಗಣ, ಶಾಂತಿ ರಂಗನಾಥನ್ ಅವರು 1980ರಲ್ಲಿ ಮದರಾಸಿನಲ್ಲಿ ಸ್ಥಾಪಿಸಿದ ಟಿ.ಟಿ.ಕೆ. ಆಸ್ಪತ್ರೆ, ಬಾಂದ್ರಾದ ಕೃಪಾ ಪ್ರತಿಷ್ಠಾನ, ಇವು ಸೇವೆಯಿಂದ ಹೆಸರು ಪಡೆದವು. ಕೇಂದ್ರ ಸರಕಾರದ ಅನುದಾನದಿಂದ ಸ್ವಯಂಸೇವಾ ಸಂಸ್ಥೆಗಳು ನಡೆಸುವ ಪುನರ್ವಸತಿ ಕೇಂದ್ರಗಳೂ ಇವೆ. 14446 ಎಂಬ ಸಹಾಯವಾಣಿಯಲ್ಲಿ ಅವುಗಳ ವಿವರ ಕೇಳಬಹುದು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೂ ಮಾತನಾಡಬಹುದು. ಇದು ಸಣ್ಣ ಅನುಕೂಲವಲ್ಲ. ಗಿರಾಕಿಯೊಡನೆ ಮರಾಠಿ, ಹಿಂದಿಗಳಲ್ಲಿ ಸರಾಗವಾಗಿ ಮಾತನಾಡುವವನಿಗೂ ಎದೆಯೊಳಗಿನದನ್ನು ಹೇಳಲು ತಾಯ್ನುಡಿಯೇ ಬೇಕು.

ಆದರೆ ಮನೆಯವರ ಕರೆಗೆ ವ್ಯಾನಿನಲ್ಲಿ ಬಂದು, ಮನುಷ್ಯನನ್ನು ಎಳೆದೊಯ್ದು, ಆರು ತಿಂಗಳು ಬೀಗ ಹಾಕಿಡುವ ಕೇಂದ್ರಗಳ ವಿಷಯದಲ್ಲಿ ಎಚ್ಚರವಿರಬೇಕು. 2017ರ ಮಾನಸಿಕ ಆರೋಗ್ಯಪಾಲನಾ ಕಾಯಿದೆಯು ಮದ್ಯ ಮತ್ತು ಮಾದಕ ಪದಾರ್ಥಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯಲ್ಲಿ ಸೇರಿಸಿದೆ. ಆದ್ದರಿಂದ ಇಂತಹ ರೋಗಿಗಳನ್ನು ಇಟ್ಟುಕೊಂಡು ಚಿಕಿತ್ಸೆ ಕೊಡುವ ಸಂಸ್ಥೆಯು ನೋಂದಣಿ ಮಾಡಿಸಿರಬೇಕು. ತಾನಾಗಿ ಸೇರಿದವನು ಬಿಡುಗಡೆ ಕೇಳಬಹುದು. ಅವನ ಪರವಾಗಿ ಬೇರೆಯವರು ಸೇರಿಸುವಾಗ ಮನೋವೈದ್ಯರೂ ಸೇರಿ ಇಬ್ಬರು ಪರೀಕ್ಷಿಸಿರಬೇಕು, ಮೊದಲ ಅವಧಿ ಮೂವತ್ತು ದಿನ ಮೀರಬಾರದು. ಸರಪಳಿ ಹಾಕುವುದನ್ನು ಕಾಯಿದೆಯು ನಿಷೇಧಿಸಿದೆ. ಮುಂಗಡ ಕೇಳುವವರನ್ನು ಮೊದಲು ನೋಂದಣಿಪತ್ರ ಕೇಳಿರಿ. ಮನೋವೈದ್ಯರು ಯಾರು, ಎಷ್ಟು ದಿನಕ್ಕೊಮ್ಮೆ ಬರುತ್ತಾರೆಂದು ವಿಚಾರಿಸಿರಿ. ಉತ್ತರ ಬಾರದಿದ್ದರೆ ಹಣವನ್ನು ಜೇಬಿನಲ್ಲಿಯೇ ಇಟ್ಟುಕೊಳ್ಳಿರಿ.

ಇನ್ನು ವಿಮೆ. ಕಚೇರಿಯ ಗುಮಾಸ್ತರಿಗೆ ಇದು ನೇರವಾಗಿ ತಟ್ಟುವ ಪ್ರಶ್ನೆ. ದೈಹಿಕ ಕಾಯಿಲೆಗೆ ಯಾವ ಆಧಾರದ ಮೇಲೆ ವಿಮೆಯಿದೆಯೋ ಅದೇ ಆಧಾರದ ಮೇಲೆ ಮಾನಸಿಕ ಕಾಯಿಲೆಗೂ ಇರಬೇಕೆಂದು ಮೇಲೆ ಹೇಳಿದ ಕಾಯಿದೆಯ 21ನೆಯ ಕಲಮು ವಿಧಿಸುತ್ತದೆ. ಆದರೆ ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಕಂಪನಿಗಳಿಗೆ ಗೊತ್ತುಪಡಿಸಿಕೊಟ್ಟ ಹೊರಗಿಡುವ ಬಾಬುಗಳ ಪಟ್ಟಿಯಲ್ಲಿ ಮದ್ಯವ್ಯಸನ ಮತ್ತು ಅದರ ಪರಿಣಾಮಗಳ ಚಿಕಿತ್ಸೆಯೇ ಹನ್ನೆರಡನೆಯದಾಗಿ ಕುಳಿತಿದೆ! ಸಂಸತ್ತು ಕಾಯಿಲೆಯೆಂದು ಒಪ್ಪಿದ್ದನ್ನು ಪ್ರಾಧಿಕಾರವು ಚಟವೆಂದು ಹೊರದಬ್ಬಿದಂತಾಯಿತು. ಪರಿಣಾಮಗಳು ಎಂಬ ಮಾತು ಇನ್ನೂ ಕ್ರೂರವಾದುದು. ಯಕೃತ್ತಿನ ರೋಗಕ್ಕೆ ಆಸ್ಪತ್ರೆ ಸೇರಿದವನ ಕಾಗದದಲ್ಲಿ ಮದ್ಯದ ಉಲ್ಲೇಖವಿದ್ದರೆ ಹಣ ನಿರಾಕರಿಸಲು ಅದೇ ಸಾಕು. ಈ ವಿರೋಧವನ್ನು ಸರಕಾರವೇ ನಿವಾರಿಸಬೇಕು. ಅಲ್ಲಿಯವರೆಗೆ ಪಾಲಿಸಿಯ ಪುಸ್ತಕವನ್ನು ಓದದೆ ನಂಬಬಾರದು.

ಹೋಟೆಲ್ ಕಾರ್ಮಿಕನಿಗೆ ಇದಕ್ಕಿಂತ ಉತ್ತಮವಾದ ಆಸರೆಯೆಂದರೆ ಇ.ಎಸ್.ಐ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಹೋಟೆಲಿಗೆ ಅದು ಅನ್ವಯಿಸುತ್ತದೆ. ಸಂಬಳದ ಮಿತಿಯನ್ನು 2017ರಲ್ಲಿ ತಿಂಗಳಿಗೆ 21,000 ರೂಪಾಯಿಗೆ ಏರಿಸಲಾಯಿತು. ಕಾರ್ಮಿಕನು ಕೊಡುವುದು ನೂರಕ್ಕೆ ಮುಕ್ಕಾಲು ರೂಪಾಯಿ, ಮಾಲೀಕನು ಮೂರೂಕಾಲು. ವೈದ್ಯಕೀಯ ಚಿಕಿತ್ಸೆಯಲ್ಲದೆ, ಅಗತ್ಯವಾದಷ್ಟು ದಿನಗಳ ವಂತಿಗೆ ಸಂದಿದ್ದರೆ, ವೈದ್ಯರು ಅಸ್ವಸ್ಥನೆಂದು ಪ್ರಮಾಣಪತ್ರ ಕೊಟ್ಟ ದಿನಗಳಿಗೆ ವರ್ಷದಲ್ಲಿ 91 ದಿನಗಳವರೆಗೆ ವೇತನದ ನೂರಕ್ಕೆ ಎಪ್ಪತ್ತರಷ್ಟು ಭತ್ಯವೂ ದೊರೆಯುತ್ತದೆ. ಆದರೆ ಹೆಸರು ನೋಂದಾಯಿಸಿದ್ದರೆ ತಾನೆ? ಇಪ್ಪತ್ತು ಮಂದಿ ದುಡಿಯುವಲ್ಲಿ ಎಂಟು ಮಂದಿಯ ಹೆಸರು ಮಾತ್ರ ಪುಸ್ತಕದಲ್ಲಿರುವುದನ್ನು ನಾವು ಬಲ್ಲೆವು. ಉಳಿಸಿದ ಮೂರೂಕಾಲು ರೂಪಾಯಿಯ ಬೆಲೆ ಮಾಣಿ ಹಾಸಿಗೆ ಹಿಡಿದ ದಿನ ತಿಳಿಯುತ್ತದೆ.

ಊರಿನ ದಾರಿಯೂ ಒಂದಿದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಗಳು ಹಳ್ಳಿಗಳಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳು ಕನ್ನಡ ಜಿಲ್ಲೆಗಳಲ್ಲಿ ಮನೆಮಾತಾಗಿವೆ. ಶಿಬಿರ ಮುಗಿಸಿದವನ ಬೆನ್ನಿಗೆ ಊರಿನಲ್ಲಿ ಒಂದು ಬಳಗ ನಿಲ್ಲುತ್ತದೆ. ಆದರೆ ಅವನು ವಾರ ಕಳೆದು ಮುಂಬಯಿಗೆ ಮರಳಿದರೆ? ಅದೇ ಭಟ್ಟಿ, ಅದೇ ರಾತ್ರಿ ಹನ್ನೆರಡರ ಬಿಡುಗಡೆ, ಅದೇ ಜೊತೆಗಾರರು. 1957ರಿಂದ ಈ ನಗರದಲ್ಲಿ ನಡೆದುಬಂದಿರುವ ಆಲ್ಕೊಹಾಲಿಕ್ಸ್ ಅನಾನಿಮಸ್ ಬಳಗದ ಸಭೆಗಳಿಗೆ ಶುಲ್ಕವಿಲ್ಲ. ಆದರೆ ಅವು ಸಾಮಾನ್ಯವಾಗಿ ಸಂಜೆ ಸೇರುತ್ತವೆ, ಸಂಜೆಯೆಂದರೆ ಹೋಟೆಲಿನಲ್ಲಿ ಉಸಿರಾಡಲು ಬಿಡುವಿಲ್ಲದ ವೇಳೆ.

ಎಲ್ಲ ಲೆಕ್ಕ ಹಾಕಿ ನೋಡಿದಾಗ, ಬಡ ಕಾರ್ಮಿಕನ ಪಾಲಿಗೆ ಅತ್ಯಂತ ದುಬಾರಿಯಾದುದು ಔಷಧಿಯಲ್ಲ, ರಜೆ. ಅವನಿಗೆ ಕೆಲಸವೂ ಮಲಗುವ ಜಾಗವೂ ಊಟವೂ ಒಂದೇ ಸೂರಿನಡಿ. ಮೂರು ವಾರ ಆಸ್ಪತ್ರೆ ಸೇರಿದರೆ ಅವನ ಜಾಗದಲ್ಲಿ ಬೇರೊಬ್ಬನು ಬಂದಿರುತ್ತಾನೆ. ಹೊರಬರುವಾಗ ಅವನಿಗೆ ಹೋಗಲು ಹಾಸಿಗೆಯೂ ಇರುವುದಿಲ್ಲ. ಇದನ್ನು ಬಲ್ಲವನು ಆಸ್ಪತ್ರೆಯ ಮೆಟ್ಟಲು ಹತ್ತುವುದಿಲ್ಲವೆಂದರೆ ಅವನನ್ನು ಹೇಗೆ ದೂಷಿಸೋಣ? ನಮ್ಮ ಹೋಟೆಲ್ ಮಾಲೀಕರಲ್ಲಿ ಅನೇಕರು ಒಂದು ಕಾಲಕ್ಕೆ ತಾವೂ ಕಪ್ಪುಬಸಿ ತೊಳೆದು ಮೇಲೆ ಬಂದವರು. ಅವರೂ ಅವರ ಸಂಘಗಳೂ ಕೂಡಿ ಒಂದು ನಿಯಮ ಮಾಡಿಕೊಳ್ಳಬಹುದು: ಚಿಕಿತ್ಸೆಗೆ ಹೋದವನ ಕೆಲಸವನ್ನೂ ಹಾಸಿಗೆಯನ್ನೂ ಒಂದು ತಿಂಗಳು ಕಾದಿಡುವುದು, ಮರಳಿದ ಬಳಿಕ ವಾರದಲ್ಲಿ ಒಂದು ಹೊತ್ತು ಔಷಧಿಗೂ ಸಭೆಗೂ ಬಿಡುವುದು. ಇದಕ್ಕೆ ಸರಕಾರದ ಅಪ್ಪಣೆ ಬೇಕಿಲ್ಲ. ಬದಲಿಯಾಳಿನ ಒಂದು ತಿಂಗಳ ಪಗಾರ ಸಾಕು.